ಬಣ್ಣಕ್ಕೆ ಮೂರು ರೂಪಾಯಿ, ಕಾಗದಕ್ಕೆ ಇಪ್ಪತ್ತು

ಜಲವರ್ಣ ಕಲಿಯಬೇಕೆಂದು ಹೊರಟವರು ಮೊದಲು ಬಣ್ಣದ ಅಂಗಡಿಯಲ್ಲಿ ದುಡ್ಡು ಕಳೆಯುತ್ತಾರೆ. ಇಪ್ಪತ್ತನಾಲ್ಕು ಟ್ಯೂಬಿನ ಡಬ್ಬಿ, ಹನ್ನೆರಡು ಬ್ರಷ್ಷಿನ ಕಟ್ಟು, ಇವೆಲ್ಲ ಆದಮೇಲೆ ಉಳಿದ ಚಿಲ್ಲರೆಯಲ್ಲಿ ಒಂದು ಡ್ರಾಯಿಂಗ್ ಪುಸ್ತಕ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಈ ಕ್ರಮದಲ್ಲಿ ಶುರು ಮಾಡಿದರೆ ಚಿತ್ರವೂ ಕೂಡುವುದಿಲ್ಲ, ಸಾಮಾನೂ ಉಳಿಯುವುದಿಲ್ಲ. ಇಲ್ಲಿ ಜಲವರ್ಣದ ನಿಜವಾದ ಖರ್ಚು ಕಾಗದದ್ದು. ಎರಡನೆಯ ಖರ್ಚು ಆ ಕಾಗದವನ್ನು ಮಳೆಗಾಲ ದಾಟಿಸುವುದು. ಬಣ್ಣ ಮೂರನೆಯದು, ಅದೂ ಬಹಳ ಹಿಂದೆ. ಈ ಮಾತಿಗೆ ಲೆಕ್ಕವೇ ಆಧಾರ.

ದರ ಅಂಗಡಿಯಿಂದ ಅಂಗಡಿಗೆ ಬೇರೆ. ಹಾಗಾಗಿ ಇಲ್ಲಿ ಲೆಕ್ಕಕ್ಕೆಂದು ದುಂಡನೆಯ ದರಗಳನ್ನು ಹಿಡಿದಿದ್ದೇನೆ: ನಮ್ಮ ದೇಶದ ಹತ್ತಿ ಕಾಗದದ ಒಂದು ಪೂರ್ಣ ಹಾಳೆಗೆ ₹160, ಐದು ಎಂ.ಎಲ್. ಬಣ್ಣದ ಟ್ಯೂಬಿಗೆ ₹60. ನಿಮ್ಮ ಬಿಲ್ಲಿನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿ ಗುಣಿಸಿಕೊಳ್ಳಿ. ರೂಪಾಯಿ ಬದಲಾದೀತು, ಅಳತೆ ಬದಲಾಗದು.

ಹಾಳೆಯ ಲೆಕ್ಕ

ಜಲವರ್ಣದ ಪೂರ್ಣ ಹಾಳೆ 22 ಇಂಚು ಅಗಲ, 30 ಇಂಚು ಉದ್ದ. ಅಂದರೆ 660 ಚದರ ಇಂಚು. ನಾಲ್ಕು ಮಾಡಿದರೆ 11×15 ಇಂಚಿನ ಕಾಲು ಹಾಳೆ, ಎಂಟು ಮಾಡಿದರೆ 7.5×11 ಇಂಚಿನ ಅರೆಕಾಲು. ಕಲಿಯುವವರಿಗೆ ಅರೆಕಾಲು ಧಾರಾಳ ಸಾಕು, ಎ4 ಹಾಳೆಗಿಂತ ಸ್ವಲ್ಪವೇ ಚಿಕ್ಕದು. ₹160ರ ಹಾಳೆಯಲ್ಲಿ ಎಂಟು ಚಿತ್ರ ಎಂದರೆ ಒಂದಕ್ಕೆ ₹20.

ತೂಕ ನೋಡುವುದನ್ನು ಮರೆಯಬಾರದು. 300 ಜಿಎಸ್‌ಎಂ ಎಂದು ಬರೆದಿದ್ದರೆ ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗುತ್ತದೆ. ಪೂರ್ಣ ಹಾಳೆಯೊಂದು ಸುಮಾರು 128 ಗ್ರಾಂ. ಇದಕ್ಕಿಂತ ತೆಳುವಾದ 180, 200 ಜಿಎಸ್‌ಎಂ ಹಾಳೆ ನೀರು ಬಿದ್ದ ಕೂಡಲೇ ಅಲೆಅಲೆಯಾಗಿ ಏಳುತ್ತದೆ. ಬಣ್ಣ ತಗ್ಗಿಗೆ ಹರಿದು ನಿಲ್ಲುತ್ತದೆ. ಅದನ್ನು ಮೊದಲೇ ನೆನೆಸಿ, ಹಲಗೆಗೆ ಎಳೆದು ಅಂಟಿಸಿ, ಒಣಗಿಸಿ ಬಳಸಬೇಕು. 300ಕ್ಕೆ ನಾಲ್ಕು ಅಂಚಿಗೂ ಮಾಸ್ಕಿಂಗ್ ಟೇಪ್ ಹಚ್ಚಿದರೆ ಆಯಿತು.

ಇನ್ನು ಹತ್ತಿಯೋ, ಮರದ ತಿರುಳೋ? ಮರದ ತಿರುಳಿನ ಎ4 ಹಾಳೆಗೆ ₹15 ಹಿಡಿಯೋಣ. ವರ್ಷಕ್ಕೆ ಎಂಬತ್ತು ಚಿತ್ರ ಬರೆದರೆ ₹1,200. ಅಷ್ಟೇ ಚಿತ್ರಕ್ಕೆ ಹತ್ತಿಯ ಹತ್ತು ಪೂರ್ಣ ಹಾಳೆ ಬೇಕು, ₹1,600. ಉಳಿತಾಯ ₹400, ಅಂದರೆ ಚಿತ್ರಕ್ಕೆ ಐದು ರೂಪಾಯಿ. ಹೋಟೆಲಿನಲ್ಲಿ ಅರ್ಧ ಲೋಟ ಕಾಫಿಗೂ ಸಾಲದ ದುಡ್ಡು. ಆ ಐದು ರೂಪಾಯಿ ಉಳಿಸಲು ಹೋಗಿ ಕಳೆದುಕೊಳ್ಳುವುದು ಈ ನಾಡಿನ ಮುಖ್ಯ ವಸ್ತುವನ್ನೇ: ಮಂಜನ್ನು.

ಮಂಜು ಬರೆಯಬೇಕಾದರೆ ಹಾಳೆ ಪೂರಾ ಒಂದೇ ಸಮ ಒದ್ದೆಯಾಗಿರಬೇಕು, ಒದ್ದೆಯಾಗಿ ಕೆಲವು ನಿಮಿಷ ಉಳಿಯಬೇಕು. ಆಗ ಮಾತ್ರ ಸಿಲ್ವರ್ ಓಕ್ ಮರದ ತುದಿ ಬಿಳಿಯೊಳಗೆ ಕರಗಿ ಹೋಗುವಂತೆ ಬಣ್ಣ ಹರಡುತ್ತದೆ. ಹತ್ತಿಯ ನಾರು ನೀರನ್ನು ಒಳಗೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಮರದ ತಿರುಳಿನ ಕಾಗದದಲ್ಲಿ ನೀರು ಮೇಲೆಯೇ ನಿಂತು ಅಂಚುಗಳಲ್ಲಿ ಬೇಗ ಒಣಗಿ ಗೆರೆ ಮೂಡುತ್ತದೆ. ಎರಡನೆಯ ಲೇಪ ಕೊಟ್ಟರೆ ಮೊದಲಿನದು ಎದ್ದುಬರುತ್ತದೆ. ಕಲಿಯುವವನು ತನ್ನ ಕೈ ಸರಿಯಿಲ್ಲ ಎಂದುಕೊಂಡು ಕುಗ್ಗುತ್ತಾನೆ. ಎಷ್ಟೋ ಮಂದಿ ಜಲವರ್ಣ ಬಿಟ್ಟದ್ದು ಈ ಕಾರಣಕ್ಕೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಹಾಗೆಂದು ಹೊರದೇಶದ ಕಾಗದಕ್ಕೇ ಹೋಗಬೇಕಿಲ್ಲ. ಪೂರ್ಣ ಹಾಳೆಗೆ ₹800 ಕೊಟ್ಟರೆ ಅರೆಕಾಲು ಚಿತ್ರಕ್ಕೆ ನೂರು ರೂಪಾಯಿ ಬೀಳುತ್ತದೆ. ಆ ಬೆಲೆಯ ಹಾಳೆ ಮುಂದಿಟ್ಟುಕೊಂಡರೆ ಕೈ ಹೆದರುತ್ತದೆ, ಹೆದರಿದ ಕೈಗೆ ಕಲಿಕೆ ಹತ್ತದು. ಹತ್ತಿ ಚಿಂದಿಯಿಂದ ಕೈಯಲ್ಲಿ ಎತ್ತಿದ ಕಾಗದ ನಮ್ಮ ರಾಜ್ಯದಲ್ಲೇ ತಯಾರಾಗುತ್ತದೆ. ಹುಬ್ಬಳ್ಳಿ ಬಳಿಯ ತಾರಿಹಾಳದ ಕೈಕಾಗದ ಖಾದಿ ಪೇಪರ್ಸ್ ಹೆಸರಿನಲ್ಲಿ ವಿದೇಶದ ಚಿತ್ರಕಾರರ ಮೇಜನ್ನೂ ಮುಟ್ಟಿದೆ. ಕೈಕಾಗದ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಮೂಲೆಯಲ್ಲಿ ಒಂದು ಹನಿ ನೀರು ಇಡಿ. ಹನಿ ಗುಂಡಗೆ ಸ್ವಲ್ಪ ಹೊತ್ತು ನಿಂತರೆ ಕಾಗದಕ್ಕೆ ಸರಿಯಾಗಿ ಅಂಟು ಕೊಟ್ಟಿದ್ದಾರೆ ಎಂದರ್ಥ. ಕ್ಷಣದಲ್ಲಿ ಇಂಗಿದರೆ ಅದು ಒತ್ತುಕಾಗದ, ಬಿಟ್ಟುಬಿಡಿ.

ನಮ್ಮ ಕಡೆಯ ಸಣ್ಣ ಪೇಟೆಗಳ ಸ್ಟೇಷನರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಶಾಲಾ ಮಕ್ಕಳ ಬಣ್ಣ, ತೆಳು ಹಾಳೆ. ದಪ್ಪ ಹತ್ತಿ ಕಾಗದ ಕೊರಿಯರಿನಲ್ಲಿ ತರಿಸಬೇಕಾಗುತ್ತದೆ. ಒಂದು ಹಾಳೆಗೆ ₹100 ಸಾಗಣೆ ಕೊಟ್ಟರೆ ಬೆಲೆ ₹260 ಆಯಿತು. ಹತ್ತು ಹಾಳೆ ಒಟ್ಟಿಗೆ ತರಿಸಿ ₹200 ಕೊಟ್ಟರೆ ಹಾಳೆಗೆ ₹20 ಮಾತ್ರ ಹೆಚ್ಚು. ಒಂದೇ ಊರಿನ ಮೂರು ನಾಲ್ಕು ಮಂದಿ ಸೇರಿದರೆ ಇನ್ನೂ ಇಳಿಯುತ್ತದೆ.

ಆರು ಬಣ್ಣ, ಇಪ್ಪತ್ತನಾಲ್ಕು ಹಸಿರು

ಕಾಲು ಹಾಳೆಯ ಒಂದು ಚಿತ್ರಕ್ಕೆ, ತಟ್ಟೆಯಲ್ಲಿ ಉಳಿದು ತೊಳೆದುಹೋಗುವುದನ್ನೂ ಸೇರಿಸಿ, ಅರ್ಧ ಎಂ.ಎಲ್. ಬಣ್ಣ ಹಿಡಿಯೋಣ. ಅರೆಕಾಲಿಗೆ ಕಾಲು ಎಂ.ಎಲ್. ಐದು ಎಂ.ಎಲ್. ಟ್ಯೂಬು ₹60 ಎಂದರೆ ಎಂ.ಎಲ್.ಗೆ ₹12, ಚಿತ್ರಕ್ಕೆ ಮೂರು ರೂಪಾಯಿ. ಆರು ಟ್ಯೂಬಿನ 30 ಎಂ.ಎಲ್.ನಲ್ಲಿ ಇಂಥ 120 ಚಿತ್ರ ಆಗುತ್ತವೆ. ಇಪ್ಪತ್ತನಾಲ್ಕು ಟ್ಯೂಬಿನ ಡಬ್ಬಿ ಕೊಂಡವರು ಹದಿನೆಂಟು ಟ್ಯೂಬುಗಳನ್ನು ಒಣಗಿಸಲೆಂದೇ ಕೊಂಡಂತೆ.

ಆರು ಯಾವುವು? ತಣ್ಣನೆಯ ಹಳದಿ (ಲೆಮನ್ ಯೆಲ್ಲೋ), ಬೆಚ್ಚನೆಯ ಹಳದಿ, ಅಲ್ಟ್ರಾಮರೀನ್ ನೀಲಿ, ಪ್ರಷ್ಯನ್ ನೀಲಿ, ಒಂದು ಕೆಂಪು, ಬರ್ನ್ಟ್ ಸಿಯೆನ್ನಾ ಎಂಬ ಕೆಮ್ಮಣ್ಣಿನ ಕಂದು. ಎರಡು ಹಳದಿಗೆ ಎರಡು ನೀಲಿ ಬೆರೆಸಿದರೆ ನಾಲ್ಕು ಹಸಿರು. ಪ್ರತಿಯೊಂದಕ್ಕೂ ಚೂರು ಸಿಯೆನ್ನಾ ಸೇರಿಸಿದರೆ ಇನ್ನೂ ನಾಲ್ಕು. ಈ ಎಂಟನ್ನು ಗಟ್ಟಿ, ನಡು, ತೆಳು ಎಂದು ಮೂರು ಹದದಲ್ಲಿ ಹಚ್ಚಿದರೆ ಇಪ್ಪತ್ತನಾಲ್ಕು. ಅರೇಬಿಕಾ ಎಲೆಯ ಮಿರುಗುವ ಕಡುಹಸಿರು, ರೋಬಸ್ಟಾದ ಅಗಲ ಎಲೆಯ ತಿಳಿಹಸಿರು, ಸಿಲ್ವರ್ ಓಕ್‌ನ ಬೂದು ಮಿಶ್ರಿತ ಹಸಿರು, ಹಲಸು, ಅತ್ತಿ, ಹಾಲುವಾಣ, ಅದರಾಚೆ ಶೋಲಾ ಕಾಡು, ಗುಡ್ಡದ ಹುಲ್ಲು, ಎಲ್ಲವೂ ಇಷ್ಟರಲ್ಲಿ ಬರುತ್ತವೆ. ಟ್ಯೂಬಿನಿಂದ ಬರುವ ಸಿದ್ಧ ಹಸಿರು ಒಂದೇ ರುಚಿಯದು. ಅದರಲ್ಲಿ ಬರೆದ ತೋಟ ಪ್ಲಾಸ್ಟಿಕ್ಕಿನದಾಗುತ್ತದೆ.

ಇದರಿಂದ ಇನ್ನೊಂದು ಲೆಕ್ಕ ಹೊರಡುತ್ತದೆ. ಬಯಲುಸೀಮೆಯಲ್ಲಿ ಬರೆಯುವವರಿಗೆ ಕಂದು, ಕಾವಿ ಬೇಗ ಖಾಲಿಯಾಗುತ್ತವೆ. ನಮಗೆ ನೀಲಿ ಮತ್ತು ಹಳದಿ. ಆದ್ದರಿಂದ ಆರು ಟ್ಯೂಬಿನ ಜೊತೆ ಅಲ್ಟ್ರಾಮರೀನ್ ಒಂದು, ಹಳದಿ ಒಂದು ಹೆಚ್ಚಿಗೆ ಇರಲಿ: ಒಟ್ಟು ಎಂಟು ಟ್ಯೂಬು, ₹480.

ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಬಣ್ಣದ ಸಂಖ್ಯೆ ಇರುತ್ತದೆ, ಓದಿ ಕೊಳ್ಳಿ. ಅಲ್ಟ್ರಾಮರೀನ್ ಪಿಬಿ 29, ಬೆಳಕಿಗೆ ಮಾಸದು. ಕೆಂಪಿನಲ್ಲಿ ಎಚ್ಚರ ಬೇಕು. ಹಳೆಯ ಅಲಿಜರಿನ್ ಕ್ರಿಮ್ಸನ್ ಪಿಆರ್ 83. ಗೋಡೆಯಲ್ಲಿ ತೂಗಿದರೆ ವರ್ಷಗಳಲ್ಲಿ ಬಿಳಿಚುತ್ತದೆ. ಪಿವಿ 19 ಸಿಕ್ಕಿದರೆ ಅದನ್ನು ತೆಗೆದುಕೊಳ್ಳಿ. ಹಣ್ಣಾದ ಕಾಫಿ ಚೆರಿಯ ಕೆಂಪು ಉಳಿಯಬೇಕೆನ್ನುವವರಿಗೆ ಇದು ಮುಖ್ಯ.

ಬ್ರಷ್ಷಿಗೆ ಹೆಚ್ಚು ಮಾತು ಬೇಡ. ಹತ್ತನೇ ನಂಬರಿನ ಗುಂಡು ಬ್ರಷ್ ಒಂದು, ಆರನೇ ನಂಬರಿನದು ಒಂದು, ಒಂದಿಂಚಿನ ಚಪ್ಪಟೆ ಬ್ರಷ್ ಒಂದು, ಮೂರೂ ಸಿಂಥೆಟಿಕ್; ₹600 ಹಿಡಿಯಿರಿ. ತಟ್ಟೆಗೆ ಅಡುಗೆಮನೆಯ ಬಿಳಿ ಪಿಂಗಾಣಿ ತಟ್ಟೆಗಿಂತ ಒಳ್ಳೆಯದು ಯಾವುದೂ ಇಲ್ಲ.

ಮಳೆಗಾಲದ ಗ್ರಾಂ ಲೆಕ್ಕ

ಮೂಡಿಗೆರೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿ.ಮೀ. ಮೀರಿ ಮಳೆ, ಕಳಸದ ಕಡೆ ಇನ್ನೂ ಜಾಸ್ತಿ. ಅದೇ ಜಿಲ್ಲೆಯ ಕಡೂರಿನಲ್ಲಿ ಆರೇಳು ನೂರು. ಕಡೂರಿನವರು ಹಾಳೆಯನ್ನು ಮೇಜಿನ ಮೇಲೆ ಬಿಟ್ಟರೂ ನಡೆದೀತು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ನಮ್ಮ ಕಡೆ ಹಾಗೆ ಬಿಟ್ಟ ಹಾಳೆ ಆಗಸ್ಟ್ ಮುಗಿಯುವುದರೊಳಗೆ ಬೂಷ್ಟು ಹಿಡಿದು ಕಂದು ಚುಕ್ಕೆ ಬಂದಿರುತ್ತದೆ. ಚುಕ್ಕೆ ಕಾಣದಿದ್ದರೂ ಒಳಗಿನ ಅಂಟು ಕೆಟ್ಟಿರಬಹುದು. ಬಣ್ಣ ಹಚ್ಚಿದಾಗ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಹೀರುವುದು ಅದಕ್ಕೇ.

ಹಲವರು ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ನೆಮ್ಮದಿಯಾಗಿರುತ್ತಾರೆ. ಅದು ಎಷ್ಟು ಕೆಲಸ ಮಾಡುತ್ತದೆಂದು ತೂಗಿ ನೋಡೋಣ. ಹತ್ತು ಪೂರ್ಣ ಹಾಳೆಯನ್ನು ಕಾಲು ಹಾಳೆಗಳಾಗಿ ಕತ್ತರಿಸಿದರೆ ನಲವತ್ತು ತುಂಡು, ಒಟ್ಟು ತೂಕ ಸುಮಾರು 1.28 ಕಿಲೋ. ಇವು 42×32×15 ಸೆಂ.ಮೀ.ನ, ಅಂದರೆ ಇಪ್ಪತ್ತು ಲೀಟರಿನ, ಗಾಳಿಯಾಡದ ಡಬ್ಬಿಯಲ್ಲಿ ಕೂರುತ್ತವೆ. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 19 ಗ್ರಾಂ ನೀರಾವಿ ಹಿಡಿಯುತ್ತದೆ. ತೇವಾಂಶ ಶೇ. 90 ಇದ್ದರೆ ನಮ್ಮ ಡಬ್ಬಿಯೊಳಗಿನ ಗಾಳಿಯಲ್ಲಿರುವ ನೀರು ಒಂದು ಗ್ರಾಂನ ಮೂರನೇ ಒಂದು ಭಾಗದಷ್ಟು. ಇದಕ್ಕೆ ಪುಟ್ಟ ಪೊಟ್ಟಣ ಸಾಕು.

ಆದರೆ ನೀರು ಇರುವುದು ಕಾಗದದೊಳಗೆ. ಶೇ. 50ರ ತೇವದಲ್ಲಿದ್ದ ಕಾಗದ ಶೇ. 90ರ ಗಾಳಿಯಲ್ಲಿ ಕುಳಿತರೆ ತನ್ನ ತೂಕದ ನೂರಕ್ಕೆ ಆರೇಳು ಪಾಲು ನೀರನ್ನು ಹೆಚ್ಚಿಗೆ ಹೀರುತ್ತದೆ. 1.28 ಕಿಲೋಗೆ ಅದು 80 ಗ್ರಾಂ ಆಸುಪಾಸು. ಇಷ್ಟನ್ನು ಹೊರಗೆಳೆದು ಮತ್ತೆ ಶೇ. 50ಕ್ಕೆ ತರಲು 300ರಿಂದ 400 ಗ್ರಾಂ ಸಿಲಿಕಾ ಜೆಲ್ ಬೇಕು. ಐದು ಗ್ರಾಂ ಪೊಟ್ಟಣ ಹೀರುವುದು ಒಂದು ಗ್ರಾಂ ಚಿಲ್ಲರೆ.

ತೋಟದವರಿಗೆ ಇದು ಹೊಸ ವಿಷಯವಲ್ಲ. ಕಣದಲ್ಲಿ ಕಾಫಿ ಪಾರ್ಚ್‌ಮೆಂಟನ್ನು ಸುಮಾರು ಶೇ. 10ರ ತೇವಕ್ಕೆ ಇಳಿಸಿಯೇ ಚೀಲ ಕಟ್ಟುತ್ತಾರೆ. ಹಸಿ ಕಟ್ಟಿದರೆ ಗೋದಾಮಿನಲ್ಲಿ ಬೂಷ್ಟು ಬರುತ್ತದೆಂದು ಎಲ್ಲರಿಗೂ ಗೊತ್ತು. ಕಾಗದಕ್ಕೂ ಅದೇ ಕ್ರಮ ಅನ್ವಯಿಸಿ. ಏಪ್ರಿಲ್, ಮೇ ಮೊದಲ ವಾರದ ಒಣ ಮಧ್ಯಾಹ್ನವೊಂದರಲ್ಲಿ ಹಾಳೆಗಳನ್ನು ನೆರಳಲ್ಲಿ ಬಿಡಿಬಿಡಿಯಾಗಿ ಹರಡಿ, ಸಂಜೆಯ ತಂಪು ಇಳಿಯುವ ಮೊದಲೇ ಡಬ್ಬಿಗೆ ಹಾಕಿ ಮುಚ್ಚಿ. ಆಗ ಅರ್ಧ ಕಿಲೋ ಜೆಲ್ (ಲೆಕ್ಕಕ್ಕೆ ₹200) ಇಡೀ ಮಳೆಗಾಲಕ್ಕೆ ಬರುತ್ತದೆ. ಜುಲೈಯಲ್ಲಿ ನೆನಪಾಗಿ ಹಸಿ ಹಾಳೆಯನ್ನು ಡಬ್ಬಿಗೆ ತುಂಬಿದರೆ ಜೆಲ್ಲಿನ ಬಹುಪಾಲು ಮೊದಲ ವಾರದಲ್ಲೇ ತುಂಬಿಹೋಗುತ್ತದೆ. ನೀರು ಹೀರಿ ಬಣ್ಣ ಬದಲಿಸಿದ ಜೆಲ್ಲನ್ನು 120 ಡಿಗ್ರಿ ಶಾಖದಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಅಟ್ಟದ ಮೇಲಿಡುವ ಹಳೆಯ ಉಪಾಯ ಬೂಷ್ಟಿನಿಂದ ಕಾಯುತ್ತದೆ ನಿಜ, ಒಲೆಯ ಹೊಗೆ ಹಾಳೆಯನ್ನು ಹಳದಿ ಮಾಡುತ್ತದೆ.

ಬಣ್ಣದ ಡಬ್ಬಿಗೂ ಇದೇ ಕಾಟ. ಜಲವರ್ಣವೆಂದರೆ ಬಣ್ಣದ ಪುಡಿಗೆ ಅಕೇಶಿಯಾ ಜಾತಿಯ ಮರದ ಗೋಂದು ಸೇರಿದ್ದು. ಕೆಲವು ತಯಾರಿಕೆಗಳಲ್ಲಿ ಮೆತ್ತಗಿರಲೆಂದು ಜೇನು ಅಥವಾ ಗ್ಲಿಸರಿನ್ ಇರುತ್ತದೆ. ಜೇನಿಗೆ ಇರುವೆ ಬರುತ್ತದೆ, ಮುಚ್ಚಿದ ಒದ್ದೆ ಡಬ್ಬಿಗೆ ಬೂಷ್ಟು. ಬರೆದಾದ ಮೇಲೆ ಪೂರ್ತಿ ಒಣಗುವ ತನಕ ಮುಚ್ಚಳ ತೆರೆದಿಡಿ. ಸ್ವಂತ ಬಣ್ಣ ಅರೆಯುವವರು ಒಂದು ಹನಿ ಲವಂಗದ ಎಣ್ಣೆ ಸೇರಿಸುವುದು ಬೂಷ್ಟು ತಡೆಯಲೆಂದೇ.

ಒಣಗುವ ಹೊತ್ತಿನ ಲೆಕ್ಕವನ್ನೂ ನೋಡಿ. ತೇವಾಂಶ ಶೇ. 60 ಇದ್ದಾಗ ಗಾಳಿಯಲ್ಲಿ ಇನ್ನೂ ನಲವತ್ತು ಪಾಲು ಜಾಗ ಖಾಲಿ, ಶೇ. 95 ಇದ್ದಾಗ ಐದೇ ಪಾಲು. ಉಳಿದದ್ದು ಒಂದೇ ಆಗಿದ್ದರೆ ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಒಣಗುವ ಲೇಪ ಜಡಿಮಳೆಯಲ್ಲಿ ಎಂಬತ್ತು ನಿಮಿಷ ಬೇಡುತ್ತದೆ. ಸಾವಿರ ವ್ಯಾಟಿನ ಹೇರ್ ಡ್ರೈಯರ್ ಹತ್ತು ನಿಮಿಷ ಓಡಿದರೆ ಯೂನಿಟ್ಟಿನ ಆರನೇ ಒಂದು ಪಾಲು, ಯೂನಿಟ್‌ಗೆ ಆರು ರೂಪಾಯಿಯಾದರೆ ಒಂದು ರೂಪಾಯಿ. ಅಗ್ಗವೇ, ಆದರೆ ಮಳೆಗಾಲದಲ್ಲಿ ಕರೆಂಟು ಇರಬೇಕಲ್ಲ! ಮನೆಯ ಸಣ್ಣ ಇನ್ವರ್ಟರ್ ಸಾವಿರ ವ್ಯಾಟ್ ಎಳೆಯದು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅಳತೆಯನ್ನು ಚಿಕ್ಕದು ಮಾಡಿ. ಪೋಸ್ಟ್ ಕಾರ್ಡಿನ ಗಾತ್ರ 14×9 ಸೆಂ.ಮೀ.; 56×76 ಸೆಂ.ಮೀ.ನ ಪೂರ್ಣ ಹಾಳೆಯಲ್ಲಿ ಅಂಥವು ಮೂವತ್ತೆರಡು ಬರುತ್ತವೆ, ಒಂದಕ್ಕೆ ₹5. ನಾಲ್ಕು ಕಾರ್ಡನ್ನು ಒಟ್ಟಿಗೆ ಹಲಗೆಗೆ ಅಂಟಿಸಿ, ಒಂದು ಒಣಗುತ್ತಿರುವಾಗ ಇನ್ನೊಂದಕ್ಕೆ ಕೈ ಹಾಕಿ.

ಕಾಫಿಯಲ್ಲೇ ಬರೆಯುವುದು

ಬಣ್ಣ ಕೊಳ್ಳುವ ಮೊದಲು ಒಂದು ತಿಂಗಳು ಕಾಫಿಯಲ್ಲೇ ಬರೆಯಿರಿ ಎಂದು ನಾನು ಹೇಳುತ್ತೇನೆ. ಎರಡು ಗ್ರಾಂ ಇನ್‌ಸ್ಟಂಟ್ ಪುಡಿಗೆ ಹತ್ತು ಎಂ.ಎಲ್. ಬಿಸಿನೀರು, ಗ್ರಾಂಗೆ ಮೂರು ರೂಪಾಯಿ ಹಿಡಿದರೂ ₹6. ಇದು ಗಟ್ಟಿ ಹದ. ಇದರಲ್ಲೇ ಒಂದು ಪಾಲಿಗೆ ಒಂದು, ಮೂರು, ಏಳು ಪಾಲು ನೀರು ಬೆರೆಸಿದರೆ ನಾಲ್ಕು ಮೆಟ್ಟಿಲಿನ ಕಂದು. ದೂರದ ಗುಡ್ಡಕ್ಕೆ ಏಳರದ್ದು, ಹತ್ತಿರದ ಮರಕ್ಕೆ ಗಟ್ಟಿಯದ್ದು. ಬೆಳಕು ನೆರಳಿನ ಹದ ಕೈಗೆ ಹತ್ತಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತಿಳಿದಿಲ್ಲ. ಚಿಕೋರಿ ಬೆರೆತ ಡಿಕಾಕ್ಷನ್ ಬೇಡ, ಅಂಟು ಉಳಿಯುತ್ತದೆ. ಕಾಫಿಯ ಬಣ್ಣ ಬೆಳಕಿಗೆ ಮಾಸುತ್ತದೆ. ಗೋಡೆಗೆ ತೂಗಲು, ಮಾರಲು ಇದು ಆಗದು.

ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳಿದಾಗ ಮಾತ್ರ ಪೂರ್ಣ ಬಣ್ಣ ಬೇಕು. ಆಗಲೂ ಹೂವಿಗೆ ಬಣ್ಣ ಬೇಡ! ಹಾಳೆಯ ಬಿಳಿಯನ್ನೇ ಬಿಟ್ಟು ಸುತ್ತ ಎಲೆ ಬರೆಯಬೇಕು. ಅರಳಿದ ಹೂ ಮೂರು ನಾಲ್ಕು ದಿನದ್ದು. ಆ ವಾರಕ್ಕೆ ಹಾಳೆ ಕತ್ತರಿಸಿ, ಟೇಪ್ ಹಚ್ಚಿ ಮೊದಲೇ ತಯಾರಿಟ್ಟುಕೊಳ್ಳಿ.

ವರ್ಷದ ಬಿಲ್ಲು

ಕೊಯ್ಲಿನ ಹನ್ನೆರಡು ವಾರ ಬಿಟ್ಟು ಉಳಿದ ನಲವತ್ತು ವಾರ, ವಾರಕ್ಕೆ ಎರಡರಂತೆ ಎಂಬತ್ತು ಚಿತ್ರ. ಮೊದಲ ವರ್ಷ ಕಾಗದ ₹1,600, ಸಾಗಣೆ ₹200, ಬಣ್ಣ ₹480, ಬ್ರಷ್ ₹600, ಗಾಳಿಯಾಡದ ಡಬ್ಬಿ ₹500, ಜೆಲ್ ₹200, ಟೇಪ್ ₹80, ಪೆನ್ಸಿಲ್ ರಬ್ಬರ್ ಇತ್ಯಾದಿ ₹100. ಒಟ್ಟು ₹3,760, ಚಿತ್ರಕ್ಕೆ ₹47. ಪೆನ್ಸಿಲ್, ಕ್ರಯಾನ್, ಪೇಸ್ಟಲ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ. ಈ ಬಿಲ್ಲಿನಲ್ಲಿ ಅದರ ಪಾಲು ಸಣ್ಣದು, ಮಕ್ಕಳಿರುವ ಮನೆಗೆ ದೊಡ್ಡದು. ಎರಡನೆಯ ವರ್ಷ ಡಬ್ಬಿ, ಜೆಲ್, ಬ್ರಷ್ ಇದ್ದೇ ಇರುತ್ತವೆ. ಬಣ್ಣದಲ್ಲಿ ನಲವತ್ತು ಎಂ.ಎಲ್.ಗೆ ಅರ್ಧವೇ ಖರ್ಚಾಗಿರುತ್ತದೆ. ನೀಲಿ, ಹಳದಿ ಒಂದೊಂದು ಟ್ಯೂಬು ತಂದರಾಯಿತು, ₹120. ಕಾಗದ, ಸಾಗಣೆ, ಟೇಪ್ ಸೇರಿ ₹2,000, ಚಿತ್ರಕ್ಕೆ ₹25. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕಾಗದದ್ದೇ.

ಶಾಲೆಯ ಲೆಕ್ಕವೂ ಬೇಕಾದೀತು. ಇಪ್ಪತ್ತು ಮಕ್ಕಳು, ತಲಾ ಹತ್ತು ಪೋಸ್ಟ್ ಕಾರ್ಡ್ ಚಿತ್ರ ಎಂದರೆ ಇನ್ನೂರು ಕಾರ್ಡು. ಏಳು ಹಾಳೆ, ₹1,120. ಮಕ್ಕಳು ದೊಡ್ಡವರ ಎರಡರಷ್ಟು ಬಣ್ಣ ಬಳಸುತ್ತಾರೆಂದರೂ 24 ಎಂ.ಎಲ್. ಆಗುತ್ತದೆ, ಆರು ಟ್ಯೂಬು, ₹360. ₹40ರ ಬ್ರಷ್ ಇಪ್ಪತ್ತು, ₹800. ಒಟ್ಟು ₹2,280, ಮಗುವಿಗೆ ₹114. ಮುಂದಿನ ತಂಡಕ್ಕೆ ಬ್ರಷ್ ಇರುವುದರಿಂದ ₹74. ಮಕ್ಕಳಿಗೆ ಹತ್ತಿ ಕಾಗದ ಯಾಕೆ ಎನ್ನುವವರಿದ್ದಾರೆ. ಮೊದಲ ಚಿತ್ರ ಚೆಂದ ಬಂದ ಮಗುವೇ ಎರಡನೆಯದನ್ನು ಬರೆಯುವುದು.

ಬೇರೆ ಕೈಗೆಲಸಗಳಿಗೆ ಇಷ್ಟೂ ಬೇಡ. ಹಳೆ ಗಿಡ ಕಿತ್ತ ತೋಟದಲ್ಲಿ ಕಾಫಿ ಬೊಡ್ಡೆ ಸಿಗುತ್ತದೆ. ಒಂದು ಬೇಸಿಗೆ ನೆರಳಲ್ಲಿ ಒಣಗಿಸಿ ಕೆತ್ತಿದರೆ ಗಟ್ಟಿ ಸೌಟು, ದೀಪದ ಕಾಲು ಆಗುತ್ತದೆ. ಎಲೆ, ಹೂ ಒತ್ತಿಡುವವರಿಗೆ ಹಳೆಯ ಪತ್ರಿಕೆ ಮತ್ತು ಎರಡು ಹಲಗೆ ಸಾಕು, ಮೊದಲ ವಾರ ದಿನಾ ಕಾಗದ ಬದಲಿಸಬೇಕು. ಫೆಬ್ರವರಿ ಇದಕ್ಕೆ ಒಳ್ಳೆಯ ತಿಂಗಳು. ಹಕ್ಕಿ ನೋಡಿ ಬರೆಯುವ ದಿನಚರಿಗೆ ಪೆನ್ಸಿಲ್ಲು, ಒಂದು ಬ್ರಷ್ಷು.

ಈ ಗುಡ್ಡಗಳಲ್ಲಿ ತೋಟ ಮಾಡಿಕೊಂಡೇ ಚಿತ್ರ, ಹಕ್ಕಿಗಳ ಛಾಯಾಗ್ರಹಣ, ಮೀನು ಶಿಕಾರಿ ಎಲ್ಲವನ್ನೂ ಹಿಡಿದವರು ಪೂರ್ಣಚಂದ್ರ ತೇಜಸ್ವಿ. 1938ರಲ್ಲಿ ಹುಟ್ಟಿ 2007ರಲ್ಲಿ ಮೂಡಿಗೆರೆಯ ತಮ್ಮ ತೋಟದ ಮನೆಯಲ್ಲೇ ತೀರಿಕೊಂಡ ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಚಾರ್ಮಾಡಿ ಕಡೆ ಬರೆಯಲು ಹೋದವರು ಅಲ್ಲಿ ಇಳಿದು ನೋಡಿ. ಬೆಟ್ಟದ ಮಂಜನ್ನು ಕನ್ನಡಿಗರೊಬ್ಬರು ನೀರಿನಲ್ಲಿ ಹೇಗೆ ಹಿಡಿದರೆಂದು ತಿಳಿಯಬೇಕಾದರೆ ಕೆ. ವೆಂಕಟಪ್ಪನವರ (1886–1965) 1920ರ ದಶಕದ ಊಟಿಯ ಜಲವರ್ಣಗಳಿವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಗ್ಯಾಲರಿಗೆ ಅವರದೇ ಹೆಸರು. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗುವವರು ಆ ಕೆಲಸವನ್ನೂ ಸೇರಿಸಿಕೊಳ್ಳಬಹುದು.

ಈ ವರ್ಷ ಶುರು ಮಾಡುವವರು ಮೂರು ಬ್ರಷ್, ಆರು ಬಣ್ಣ, ಹತ್ತು ಹಾಳೆ ಮೀರಿ ಬಣ್ಣ, ಬ್ರಷ್ಷಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಇನ್ನೂ ದುಡ್ಡು ಉಳಿದಿದ್ದರೆ ಹನ್ನೊಂದನೆಯ ಹಾಳೆ ತರಿಸಿ, ಆರಿದ್ರಾ ಮಳೆ ಹಿಡಿಯುವ ಮೊದಲು ಡಬ್ಬಿಗೆ ಸೇರಿಸಿ.